ಗಂಡನೇ ನೆಂಟನಾಗುವ ಮನೆಯಲ್ಲಿ

ಮಸ್ಕತ್ತಿಗೆ ಹೋಗಿ ಬಂದಾಗಿನಿಂದ ಜೇವರ್ಗಿಯಲ್ಲಿ ಸಿಕ್ಕವರೆಲ್ಲ ಏನೇನು ನೋಡಿದಿರಿ ಎಂದು ಕೇಳುತ್ತಾರೆ. ಒಬ್ಬ ಗಂಡಸು ಹದಿನೈದು ವರ್ಷದಿಂದ ಅಕ್ಕನ ಮನೆಯಲ್ಲಿ ಒಂದಿಷ್ಟೂ ಸಂಕೋಚವಿಲ್ಲದೆ, ಯಜಮಾನನಾಗಿ ಇರುವುದನ್ನು ನೋಡಿದೆ ಎಂದರೆ ಅವರಿಗೆ ಸಮಾಧಾನವಿಲ್ಲ. ಸಮುದ್ರ ನೋಡಲಿಲ್ಲವೇ, ಒಂಟೆ ನೋಡಲಿಲ್ಲವೇ ಅನ್ನುತ್ತಾರೆ. ಸಮುದ್ರ ನೋಡಿದೆ, ಅದು ಇರಬೇಕಾದ ಕಡೆಯೇ ಇತ್ತು. ಒಂಟೆ ಸಿಗಲಿಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳು. ಹೆಸರು ನೀಲಮ್ಮ. ತವರು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ. ಅಲ್ಲಿ ನನ್ನ ತಮ್ಮ ಶರಣಪ್ಪ ತೊಗರಿ ಬೆಳೆದುಕೊಂಡು ಇದ್ದಾನೆ. ಅವನಿಗೆ ಒಬ್ಬಳೇ ಮಗಳು, ಭಾಗ್ಯಾ. ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಕೈಕಾಲು ಹಿಡಿದುಕೊಂಡವರಿಗೆ ವ್ಯಾಯಾಮ ಮಾಡಿಸುವ ಕೆಲಸ ಅವಳದು. ಅಲ್ಲಿಯೇ ಎಕ್ಸ್‌ರೇ ತೆಗೆಯುವ ಉಣ್ಣಿ ಎಂಬ ಮಲಯಾಳಿ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗ ಲಿಂಗವಂತರವನಲ್ಲ ಎನ್ನುವುದನ್ನು ನುಂಗಿಕೊಳ್ಳಲು ಶರಣಪ್ಪನಿಗೆ ಆರು ತಿಂಗಳು ಬೇಕಾಯಿತು. ಅವರದು ಹಿಂದೆ ಕೇರಳದ ಒಂದು ಸಣ್ಣ ಸೀಮೆಯನ್ನು ಆಳಿದ ರಾಜಮನೆತನ ಎಂದು ಭಾಗ್ಯಾ ಹೇಳಿದ ಮೇಲೆ ಸ್ವಲ್ಪ ಬೇಗ ಇಳಿಯಿತು.

"ರಾಜರು ಅಂತಾರ, ಎಕ್ಸ್‌ರೇ ತೆಗೀತಾನ ಅಂತಾರ. ಹೋಗಿ ನೋಡೇ ಬರೂಣು ನಡಿ ಯಕ್ಕಾ" ಎಂದು ತಮ್ಮ ಹೊರಟ. ಅವನ ಹೆಂಡತಿ ಕಸ್ತೂರಿ ಬರಬೇಕಿತ್ತು. ಅವಳು ಅಫಜಲಪುರ ಕಡೆಯ ಹವಳಗಾದವಳು. ಆಧಾರ್ ಕಾರ್ಡಿನಲ್ಲಿ ಕಸ್ತೂರಿಬಾಯಿ, ಶಾಲೆಯ ದಾಖಲೆಯಲ್ಲಿ ಕಸ್ತೂರೆವ್ವ ಎಂದಿದ್ದುದರಿಂದ ಪಾಸ್‌ಪೋರ್ಟ್ ಬರಲಿಲ್ಲ. ಹೀಗಾಗಿ ಹುಡುಗನ ಮನೆ ನೋಡುವ ಅಧಿಕಾರ ನನ್ನ ಪಾಲಿಗೆ ಬಂತು.

ಹೈದರಾಬಾದಿನ ವಿಮಾನ ನಿಲ್ದಾಣ

ಆ ದೇಶಕ್ಕೆ ಗಸಗಸೆ ತರಬೇಡಿ, ಸಿಕ್ಕರೆ ಜೈಲಿಗೆ ಹಾಕುತ್ತಾರೆ ಎಂದು ಭಾಗ್ಯಾ ಫೋನಿನಲ್ಲಿ ಮೂರು ಸಲ ಹೇಳಿದ್ದಳು. ಕಸ್ತೂರಿ ಮಾಡಿಕೊಟ್ಟ ಅಂಟಿನುಂಡಿಗಳಲ್ಲಿ ಕೈತುಂಬ ಗಸಗಸೆ ಹಾಕಿದ್ದಾಳೆ ಎಂಬುದು ನನಗೆ ನೆನಪಾದದ್ದು ವಿಮಾನ ನಿಲ್ದಾಣದ ಬಾಗಿಲಲ್ಲಿ. ಕಸದ ಬುಟ್ಟಿಗೆ ಹಾಕು ಎಂದೆ.

"ಮನಿ ತುಪ್ಪದಾಗ ಮಾಡಿದ್ದು ಬೇ. ಕಸಕ್ಕ ಹಾಕಂದ್ರ ಕೈ ಹ್ಯಾಂಗ ಬರ್ತದ?" ಎಂದು ಶರಣಪ್ಪ ಡಬ್ಬಿ ಬಿಚ್ಚಿಕೊಂಡು ಬೆಂಚಿನ ಮೇಲೆ ಕುಳಿತುಬಿಟ್ಟ. ಹದಿನಾರು ಉಂಡಿ ಇದ್ದವು. ಆರನ್ನು ಸುತ್ತಲಿನವರಿಗೆ ಕೊಟ್ಟೆವು. ಉಳಿದ ಹತ್ತನ್ನು ನಾವಿಬ್ಬರೂ ತಿಂದು ಮುಗಿಸಿದೆವು. ವಿಮಾನದಲ್ಲಿ ಊಟ ಕೊಟ್ಟಾಗ ಇಬ್ಬರಿಗೂ ಆ ಕಡೆ ನೋಡಲೂ ಆಗಲಿಲ್ಲ.

ಉಂಡಿ ತಿನ್ನುವಾಗಲೇ ತಮ್ಮ ಚೀಲದಿಂದ ಒಂದು ಕಾಗದ ತೆಗೆದ. ನನ್ನ ಹಕ್ಕು ಬಿಡುಗಡೆ ಪತ್ರದ ಕರಡು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಹೊಲ, ಮನೆ ತನ್ನೊಬ್ಬನ ಹೆಸರಿಗೆ ಆಗಬೇಕಾದರೆ ನಾನು ಪಾಲು ಬೇಡವೆಂದು ಬರೆದುಕೊಡಬೇಕು. ನಾವು ಊರಿಗೆ ಮರಳಿದ ಮೂರನೆಯ ದಿನ ಆಳಂದದ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ನಾನೂ ಹೂಂ ಎಂದಿದ್ದೆ. ನಮ್ಮ ಕಡೆ ಅಕ್ಕತಂಗಿಯರು ಹೂಂ ಅನ್ನದೆ ಇನ್ನೇನು ಅನ್ನುತ್ತಾರೆ? ತವರಿನ ಬಾಗಿಲು ತೆರೆದಿರಲಿ ಎಂದು ಎಲ್ಲರೂ ಬರೆದುಕೊಡುತ್ತಾರೆ. ಒಂದು ಸೀರೆ, ಉಡಿ ತುಂಬ ಅಕ್ಕಿ, ಒಂದು ತೆಂಗಿನಕಾಯಿ ಕೊಟ್ಟು ಕಳಿಸುತ್ತಾರೆ. ನನ್ನ ಕರಡು ಬರೆದ ಬಾಂಡ್ ರೈಟರ್ ಅದೇ ವಾರ ಕಸ್ತೂರಿಗೂ ಇಂಥದೇ ಒಂದನ್ನು ಬರೆದಿದ್ದ. ಅದು ಹವಳಗಾದ ಅವಳ ಅಣ್ಣಂದಿರಿಗಾಗಿ.

"ನೀ ಮಾಸ್ತರಣಿ ಇದ್ದಿ. ಏನರ ತಪ್ಪ ಆಗಿದ್ರ ನೋಡ" ಎಂದ ತಮ್ಮ.

ಕೆಂಪು ಪೆನ್ನಿಲ್ಲದೆ ನಾನು ಎಲ್ಲಿಗೂ ಹೋಗುವವಳಲ್ಲ. ಎಡಗೈಯಲ್ಲಿ ಉಂಡಿ ಹಿಡಿದುಕೊಂಡು ಬಲಗೈಯಿಂದ ತಿದ್ದಿದೆ. 'ನನಗಿರುವ ಹಕ್ಕನ್ನು ಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ' ಎಂದು ಬರೆದಿತ್ತು. ಒಂದೇ ಸಾಲಿನಲ್ಲಿ ಎರಡು ಸಂತೋಷ ಯಾಕೆಂದು ಒಂದನ್ನು ಹೊಡೆದುಹಾಕಿ ಕಾಗದ ಮರಳಿ ಕೊಟ್ಟೆ.

ಮಸ್ಕತ್, ಮೊದಲ ದಿನ

ಇಷ್ಟು ಸ್ವಚ್ಛ ಊರು ನಾನು ನೋಡಿಲ್ಲ. ಯಾರೂ ಹಾರ್ನ್ ಹೊಡೆಯುವುದಿಲ್ಲ. ಗಾಡಿಗಳು ಬಿಳಿ ಗೆರೆಯ ಹಿಂದೆ ನಿಂತು, ದಾಟುವವರಿಗೆ ದಾರಿ ಬಿಡುತ್ತವೆ. ಶರಣಪ್ಪ ರಸ್ತೆ ದಾಟಲು ಹೋಗಿ, ಎದುರಿನ ಕಾರು ನಿಂತದ್ದನ್ನು ಕಂಡು, ಏನೋ ಕೇಳಲು ನಿಲ್ಲಿಸಿದ್ದಾನೆಂದು ತಿಳಿದು ಅವನ ಕಿಟಕಿಯ ಹತ್ತಿರ ಹೋಗಿ ವಿಚಾರಿಸಿದ. ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಬೆಳೆದವನಿಗೆ ಕಾರು ಸುಮ್ಮನೆ ನಿಲ್ಲುತ್ತದೆ ಎಂದರೆ ನಂಬುವುದು ಕಷ್ಟ.

ಮಾತಿಗೆ ಮಾತ್ರ ಅವನಿಗೆ ತೊಂದರೆಯಾಗಲಿಲ್ಲ. ಟ್ಯಾಕ್ಸಿಯವನು ಪೇಶಾವರದವನು. ನನ್ನ ಶುದ್ಧ ಹಿಂದಿಗೆ ಅವನು ಎರಡು ಸಲ ಏನು ಅಂದ. ತಮ್ಮನ "ನಕ್ಕೋ ಮಿಯಾ, ಹೌಲೆ ಚಲಾವ್" ಎಂಬ, ಮೆಲ್ಲಗೆ ಹೊಡಿ ಎನ್ನುವ ನಮ್ಮ ಕಡೆಯ ಹಿಂದಿ ಕೇಳಿದ್ದೇ ಹಿಂದೆ ತಿರುಗಿ ನಕ್ಕು, ದಾರಿಯುದ್ದಕ್ಕೂ ಅವನೊಂದಿಗೇ ಮಾತನಾಡಿದ. ಮೂವತ್ತು ವರ್ಷದ ನನ್ನ ನೌಕರಿಗೆ ಅದಕ್ಕಿಂತ ದೊಡ್ಡ ಅವಮಾನ ಆಗಿಲ್ಲ.

ರುವಿ: ತಂಬುರಾಟ್ಟಿಯ ಮನೆ

ಉಣ್ಣಿಯ ಅಕ್ಕ ಅಂಬಿಕಾ ಬ್ಯಾಂಕಿನಲ್ಲಿದ್ದಾಳೆ. ರುವಿ ಎಂಬ ಭಾಗದಲ್ಲಿ ಅವಳ ಫ್ಲ್ಯಾಟು. ಅವಳಿಗೆ ಇಬ್ಬರು ಗಂಡುಮಕ್ಕಳಾದ ಮೇಲೆ ಹುಟ್ಟಿದ ಹೆಣ್ಣುಮಗು ಮಾಳು. ಆ ದಿನ ಮಾಳುವಿಗೆ ಮೊದಲ ಅನ್ನ ಉಣ್ಣಿಸುವ ಶಾಸ್ತ್ರ, ಅದಕ್ಕೆ ನಮ್ಮನ್ನು ಕರೆದಿದ್ದರು.

ಬಾಗಿಲಲ್ಲಿ ಉಣ್ಣಿ ನಮ್ಮ ಕಾಲು ಮುಟ್ಟಿದ. ಹುಡುಗ ಲಕ್ಷಣವಾಗಿದ್ದ. ಒಳಗೆ ಎತ್ತರದ ಕುರ್ಚಿಯಲ್ಲಿ ಅವನ ತಾಯಿ ಸುಭದ್ರಾ ಕುಳಿತಿದ್ದರು. ಎಲ್ಲರೂ ಅವರನ್ನು ತಂಬುರಾಟ್ಟಿ ಎನ್ನುತ್ತಾರೆ, ಎಂದರೆ ಒಡತಿ. ಅವರೂ ನನ್ನ ಹಾಗೆ ಹಳೆಯ ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವರು ಎಂದು ತಿಳಿದಾಗ ನನಗಾದ ಆನಂದ ಹೇಳತೀರದು. "ತಮ್ಮ ಪ್ರಯಾಣ ಸುಖಕರವಾಗಿತ್ತೇ?" ಎಂದು ಅವರು ಕೇಳಿದರು. "ತಮ್ಮ ಕೃಪೆಯಿಂದ ನಿರ್ವಿಘ್ನವಾಗಿ ನೆರವೇರಿತು" ಎಂದು ನಾನು ಹೇಳಿದೆ. ನಮ್ಮಿಬ್ಬರ ಹಿಂದಿ ಕೇಳಿ ಭಾಗ್ಯಾ, ಉಣ್ಣಿ ಅಡುಗೆಮನೆಗೆ ಓಡಿಹೋಗಿ ನಕ್ಕರು.

ನನ್ನ ತಮ್ಮ ಮಾತಾಡಲು ಹಿರಿಯ ಗಂಡಸರನ್ನು ಹುಡುಕಿದ. ಇಬ್ಬರಿದ್ದರು. ಒಬ್ಬರು ಉಣ್ಣಿಯ ತಂದೆ, ನಂಬೂದಿರಿ ಬ್ರಾಹ್ಮಣರು. ಸೋಫಾದ ತುದಿಯಲ್ಲಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಇನ್ನೇನು ಹೊರಡುವವರಂತೆ ಕುಳಿತಿದ್ದರು. ಮದುವೆಯಾಗಿ ನಲವತ್ತು ವರ್ಷವಾದರೂ ಅವರು ಹಾಗೆಯೇ ಕೂಡುತ್ತಾರಂತೆ. ಇನ್ನೊಬ್ಬರು ತಂಬುರಾಟ್ಟಿಯ ತಮ್ಮ, ಮುಂಡು ಉಟ್ಟು ಮನೆ ತುಂಬ ಓಡಾಡಿಕೊಂಡು, ಇದು ಇಲ್ಲಿಡು, ಅದು ಅಲ್ಲಿಡು ಎನ್ನುತ್ತಿದ್ದವರು. ಅವರ ಹೆಸರಿನಲ್ಲಿ ವರ್ಮ ಎಂದಿತ್ತು, ಆದ್ದರಿಂದ ತಮ್ಮ ಅವರನ್ನು ವರ್ಮಾ ಸಾಹೇಬರು ಎಂದ.

ನಮ್ಮ ಊರುಗಳಲ್ಲಿ ಹೆಂಡತಿಯ ತಮ್ಮ ಬಂದು ಎಂಟು ದಿನಕ್ಕಿಂತ ಹೆಚ್ಚು ನಿಂತರೆ ಜನ ಬೇರೆ ಅರ್ಥ ಮಾಡುತ್ತಾರೆ. ಶರಣಪ್ಪ ತನ್ನ ಆಳಂದದ ಹಿಂದಿಯಲ್ಲಿ ವರ್ಮಾ ಸಾಹೇಬರಿಗೆ ಊರಿಗೆ ಯಾವಾಗ ಹೊರಡುವುದು ಎಂದು ಕೇಳಿದ. ಹೊರಡುವುದಿಲ್ಲ, ಇದೇ ನನ್ನ ಮನೆ ಎಂದರು. ಹೆಂಡತಿ ಇಲ್ಲವೇ? ತೀರಿಕೊಂಡರು. ಮಕ್ಕಳಿಲ್ಲವೇ? ಇಬ್ಬರಿದ್ದಾರೆ, ಅವರ ತಾಯಿಯ ಮನೆಯಲ್ಲಿ. ತಮ್ಮ ನನ್ನ ಕಿವಿಯ ಹತ್ತಿರ ಬಂದ.

"ಮಕ್ಳು ಇದ್ದೂ ಅಕ್ಕನ ಮನ್ಯಾಗ ಬಿದ್ದಾನಲ್ಲ ಬೇ, ಪಾಪ."

ಆ ಪಾಪದ ಮನುಷ್ಯನೇ ಆ ಮನೆತನದ ಹಿರಿಯ. ಹಳೆಯ ಕಾಲವಾಗಿದ್ದರೆ ಅವರೇ ದೊರೆ. ಅದು ನಮಗೆ ತಿಳಿಯುವ ಮೊದಲೇ ತಮ್ಮ ನಾವು ತಂದ ಶಾಲನ್ನು ನಂಬೂದಿರಿಯವರಿಗೆ ಹೊದಿಸಿ, ಕೈಮುಗಿದು, "ಇನ್ನ ಹುಡುಗಿ ನಿಮ್ಮ ಮಗಳ ಅಂತ ತಿಳೀರಿ, ಯಜಮಾನ್ರ" ಎಂದುಬಿಟ್ಟ. ನಂಬೂದಿರಿ ತುಂಬ ಮರ್ಯಾದಸ್ತರು. ಎದ್ದು, ಶಾಲು ತೆಗೆದು, ಹೆಂಡತಿಯ ತಮ್ಮನ ಹೆಗಲಿಗೆ ಹಾಕಿ, ಮರಳಿ ಬಂದು ಸೋಫಾದ ತುದಿಯಲ್ಲಿ ಕುಳಿತರು.

"ನಮ್ಮಲ್ಲಿ ಗಂಡ ನೆಂಟ" ಎಂದು ತಂಬುರಾಟ್ಟಿ ನನಗೆ ವಿವರಿಸಿದರು. "ಮನೆ ಹೆಂಗಸಿನದು. ಮಕ್ಕಳು ತಾಯಿಯ ಮನೆಯವರು. ಅವರನ್ನು ನೋಡಿಕೊಳ್ಳುವವನು ತಾಯಿಯ ಒಡಹುಟ್ಟಿದವನು."

ತಮ್ಮ ನಡುವೆ ಬಾಯಿ ಹಾಕಿದ. "ಕೇಳ ಯಕ್ಕಾ, ಹಂಗಾದ್ರ ರಾಜನ ಮಗ ರಾಜ ಆಗ್ತಿದ್ದಿಲ್ಲೇನ?"

ನಾನು ಕೇಳಿದೆ. "ಇಲ್ಲ" ಎಂದರು ತಂಬುರಾಟ್ಟಿ. "ರಾಜನ ಸೋದರಿಯ ಮಗ ರಾಜ. ರಾಜನ ಹೆಂಡತಿ ರಾಣಿಯಲ್ಲ, ರಾಜನ ಸೋದರಿ ರಾಣಿ. ತಂದೆ ಯಾರು ಎಂಬುದಕ್ಕೆ ಹೆಂಗಸಿನ ಮಾತು ನಂಬಬೇಕು. ತಾಯಿ ಯಾರು ಎಂಬುದಕ್ಕೆ ಊರೇ ಸಾಕ್ಷಿ." ಇಷ್ಟನ್ನು ಅವರು ಗಂಡನ ಎದುರಿಗೇ ಹೇಳಿದರು. ನಂಬೂದಿರಿ ತಲೆಯಾಡಿಸಿ, ಗುಲಾಬಿ ಬಣ್ಣದ ಬಿಸಿನೀರು ಕುಡಿದರು. ಆ ಮನೆಯಲ್ಲಿ ನೀರಿಗೆ ಯಾವುದೋ ಚಕ್ಕೆ ಹಾಕಿ ಕುದಿಸಿ ಕೆಂಪಗೆ ಮಾಡುತ್ತಾರೆ. ತಮ್ಮ ತನ್ನ ಲೋಟ ಮುಟ್ಟಿರಲಿಲ್ಲ.

ಶಾಸ್ತ್ರ ಶುರುವಾಯಿತು. ವರ್ಮಾ ಸಾಹೇಬರು ಮಾಳುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅನ್ನ ಉಣ್ಣಿಸಿದರು. ಎಲ್ಲರ ಕಣ್ಣೂ ಆ ಹೆಣ್ಣುಮಗುವಿನ ಮೇಲೆ. ಇವಳು ಹುಟ್ಟದಿದ್ದರೆ ನಮ್ಮ ವಂಶ ಇಲ್ಲಿಗೆ ಮುಗಿಯುತ್ತಿತ್ತು ಎಂದು ತಂಬುರಾಟ್ಟಿ ಕಣ್ಣೊರೆಸಿಕೊಂಡರು. ಎರಡು ಗಂಡು ಮೊಮ್ಮಕ್ಕಳು ಅಲ್ಲೇ ಆಡುತ್ತಿದ್ದವು. ಶರಣಪ್ಪ ಮಾತ್ರ ಅಂಬಿಕಾಳಿಗೆ ಸಮಾಧಾನ ಹೇಳಿದ. "ಇಬ್ಬರ ಗಂಡಸಮಕ್ಳ ಮ್ಯಾಲ ಒಂದ ಹೆಣ್ಣ ಆದ್ರ ನಡೀತದ ಬಿಡವ್ವಾ, ಚಿಂತಿ ಮಾಡಬ್ಯಾಡ." ಅವಳು ನನ್ನತ್ತ ನೋಡಿದಳು. ನನ್ನ ತಮ್ಮ ಬಹಳ ಸಂತೋಷಪಟ್ಟಿದ್ದಾನೆ ಎಂದು ಅನುವಾದಿಸಿದೆ.

ತಮ್ಮನನ್ನು ನೋಡಿ ನಗುತ್ತಿದ್ದ ನನಗೂ ಸರದಿ ಬಂತು. ಊಟದ ಎಲೆಯ ಮುಂದೆ ತಂಬುರಾಟ್ಟಿ, ತೀರಿಹೋದ ನಿಮ್ಮ ಪತಿ ಯಾವ ಮನೆತನದವರಾಗಿದ್ದರು ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ. "ಹೊರಗಿನವರಲ್ಲ. ಜೇವರ್ಗಿ ಹತ್ತಿರ ಕೊಳಕೂರಿನವರು. ನನ್ನ ತಾಯಿಯ ತಮ್ಮ."

ಅಂಬಿಕಾಳ ಕೈಯಲ್ಲಿದ್ದ ಸಾರಿನ ಸೌಟು ನಿಂತಲ್ಲೇ ನಿಂತಿತು. ವರ್ಮಾ ಸಾಹೇಬರು, ಪಕ್ಕದಲ್ಲಿ ಬಡಿಸುತ್ತಿದ್ದ ಸೋದರ ಸೊಸೆಯ ಕಡೆ ಒಮ್ಮೆ ನೋಡಿ, ತಮ್ಮ ಎಲೆಯನ್ನು ಒಂದು ಗೇಣು ಆಚೆ ಎಳೆದುಕೊಂಡರು. ಭಾಗ್ಯಾ ತಲೆ ತಗ್ಗಿಸಿ ಉಪ್ಪಿನಕಾಯಿ ನೋಡುತ್ತಿದ್ದಳು. ಅವರಿಗೆ ತಾಯಿಯ ತಮ್ಮನೆಂದರೆ ತಂದೆಗಿಂತ ಹೆಚ್ಚು, ಒಂದೇ ಮನೆಯವನು. ಅವನನ್ನು ಮದುವೆಯಾಗುವುದೆಂದರೆ ಬಾಯಲ್ಲಿ ಆಡಬಾರದ ಮಾತು. ನಮ್ಮಲ್ಲಿ ಅದಕ್ಕಿಂತ ಮರ್ಯಾದೆಯ ಸಂಬಂಧವೇ ಇಲ್ಲ.

ತಂಬುರಾಟ್ಟಿ ಮೆತ್ತಗೆ ಕೇಳಿದರು. "ಹಾಗಾದರೆ ಬಾಲ್ಯದಲ್ಲಿ ತಮ್ಮನ್ನು ಗದರಿಸಿ ತಿದ್ದುತ್ತಿದ್ದವರು ಯಾರು?"

"ಅವರೇ" ಎಂದೆ. "ಮದುವೆಯಾದ ಮೇಲೂ ಅವರೇ."

ನಕ್ಕವರು ನಂಬೂದಿರಿ ಒಬ್ಬರೇ. ನಾನು ಅವಸರದಲ್ಲಿ, ವಾಡಿಕೆಯಂತೆ ತಮ್ಮನ ಮಗಳು ಭಾಗ್ಯಾ ನನ್ನ ಮಗನಿಗೆ ಬರಬೇಕಿತ್ತು, ಅವನು ಬೇರೆ ಹುಡುಗಿಯನ್ನು ಮೆಚ್ಚಿ ಮದುವೆಯಾದ ಎಂದೂ ಸೇರಿಸಿದೆ. ಅತ್ತೆಯ ಮಗ, ಮಾವನ ಮಗಳ ಸಂಬಂಧ ನಮ್ಮಲ್ಲೂ ಉಂಟು ಎಂದು ತಂಬುರಾಟ್ಟಿ ಉಸಿರು ಬಿಟ್ಟರು. ಸೌಟು ಮತ್ತೆ ಓಡಾಡಿತು.

ಎಲ್ಲ ಸರಿಹೋಯಿತು ಎನ್ನುವಾಗ ವರ್ಮಾ ಸಾಹೇಬರು ಗಂಟಲು ಸರಿಮಾಡಿಕೊಂಡು ಅಕ್ಕನಿಗೆ ಏನೋ ಹೇಳಿದರು. ಅಕ್ಕ ಹಿಂದಿಯಲ್ಲಿ ನನಗೆ ಹೇಳಿದರು. "ನಾವು ಬೇರೆ ಏನೂ ಕೇಳುವುದಿಲ್ಲ. ಕನ್ಯೆಗೆ ಸ್ವಂತ ಗೃಹವಿದೆಯೇ? ಅವಳ ಹೆಸರಿನಲ್ಲಿ?"

ಈ ಹಿಂದಿ ತಮ್ಮನಿಗೂ ಅರ್ಥವಾಯಿತು. ಎಲೆಯ ಮೇಲಿನ ಪಾಯಸ ಹಾಗೇ ಬಿಟ್ಟು ಎದ್ದ.

"ಏಳ ಬೇ ಭಾಗ್ಯಾ. ಇವರಿಗಿ ಹುಡುಗಿ ಬ್ಯಾಡ, ನಮ್ಮ ಮನಿ ಬೇಕಾಗೇದ."

ಮತ್ರಾ ದಂಡೆ

ಮರುದಿನ ಮೂವರೂ ಮತ್ರಾದ ಸಮುದ್ರ ದಂಡೆಯಲ್ಲಿ ಕುಳಿತೆವು. ಅಲ್ಲಿಯ ಸೂಕ್, ಎಂದರೆ ಹಳೆಯ ಪೇಟೆ, ಧೂಪದ ವಾಸನೆಗೆ ಹೆಸರುವಾಸಿ. ತಮ್ಮ ಒಂದು ಅಂಗಡಿಯನ್ನೂ ನೋಡಲಿಲ್ಲ.

"ಎಕ್ಸ್‌ರೇ ತೆಗಿಯಾಂವ ನೋಡ. ನಮ್ಮ ಮನಿ ಒಳಗ ಏನೇನ ಅದ ಅಂತ ತೆಗದು ನೋಡಾಕತ್ತಾರ. ನಾಳೆ ಹೊಲಾ ಕೇಳ್ತಾರ, ನಾಡದ ಎತ್ತ ಕೇಳ್ತಾರ. ಈ ಸಂಬಂಧ ಬ್ಯಾಡ."

ಭಾಗ್ಯಾ ಅಳಲಿಲ್ಲ. ಅತ್ತಿದ್ದರೆ ಅಪ್ಪ ಕರಗುತ್ತಿದ್ದ, ಅದು ಅವಳಿಗೆ ಗೊತ್ತಿತ್ತು. "ಯಪ್ಪಾ, ಅವರು ಹಂಗ ಕೇಳೂ ಮಂದಿ ಅಲ್ಲ. ನೀ ಬ್ಯಾಡ ಅಂದ್ರ ನಾ ಅವನ ಕೂಡ ಓಡಿ ಹೋಗಂಗಿಲ್ಲ. ಬ್ಯಾರೆ ಯಾರನ್ನೂ ಆಗಂಗೂ ಇಲ್ಲ. ಇಷ್ಟ ಹೇಳ್ತೇನಿ" ಎಂದು ಸಮುದ್ರದ ಕಡೆ ತಿರುಗಿ ಕುಳಿತಳು. ಮದುವೆ ಅಲ್ಲಿಗೇ ಮುರಿಯುವ ಹಾಗಿತ್ತು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರೂ ನಮ್ಮ ಅಪ್ಪನ ಹಾಗೇ.

ಕೇಳಿದವರನ್ನೇ ಯಾಕೆ ಕೇಳಿದಿರಿ ಎಂದು ಕೇಳಿದರಾಯಿತು ಎಂದುಕೊಂಡು, ಚೀಲದಲ್ಲಿದ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ ತೆಗೆದುಕೊಂಡು ನಾನೊಬ್ಬಳೇ ಟ್ಯಾಕ್ಸಿ ಹತ್ತಿದೆ. ಈ ಸಲ ಡ್ರೈವರನಿಗೆ ನಕ್ಕೋ ಮಿಯಾ ಎಂದೆ. ತಕ್ಷಣ ಅರ್ಥವಾಯಿತು.

ಮತ್ತೆ ರುವಿ

ತಂಬುರಾಟ್ಟಿ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಒಡೆದು, ಹಿಂಡಿ ಹಚ್ಚಿಕೊಂಡು, ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಇಬ್ಬರೂ ಅಡುಗೆಮನೆಯ ಸಣ್ಣ ಮೇಜಿನ ಮುಂದೆ ಕುಳಿತೆವು.

"ತಮ್ಮ ಸಹೋದರ ಕೋಪಗೊಂಡಿದ್ದು ಯಾಕೆ? ಹುಡುಗಿಗೆ ಮನೆ ಇಲ್ಲವೇ?"

ಮನೆ ಕೇಳುವುದೆಂದರೆ ನಮ್ಮ ಕಡೆ ಹುಡುಗನಿಗಾಗಿ ಕೇಳುವುದು ಎಂದೆ. ಅವರು ರೊಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಉಣ್ಣಿಗೆ ಯಾಕೆ ಬೇಕು? ಅವನು ಅಲ್ಲಿಗೆ ಬಂದುಹೋಗುವವನು. ಈ ಮನೆಯಲ್ಲಿ ಮಗನ ಹೆಂಡತಿಗೆ, ಮಗನ ಮಕ್ಕಳಿಗೆ ಏನೂ ಇಲ್ಲ. ಇಲ್ಲಿಯದೆಲ್ಲ ಅಂಬಿಕಾಳದು, ಆಮೇಲೆ ಮಾಳುವಿನದು. ಈಗಿನ ಕಾನೂನು ಬೇರೆ. ಆಸ್ತಿಯೆಲ್ಲ ಹಂಚಿಹೋಗಿದೆ. ಊರಲ್ಲಿ ಉಳಿದದ್ದು ಒಂದು ಹಳೆಯ ಮನೆ, ಒಂದು ದೇವಿಯ ಗುಡಿ, ಯಾರು ಯಾರಿಗಿಂತ ಹಿರಿಯರು ಎಂಬ ಲೆಕ್ಕ. ಅಷ್ಟನ್ನಾದರೂ ಹಳೆಯ ಕ್ರಮದಲ್ಲಿ ನಡೆಸುತ್ತೇವೆ. ನಿಮ್ಮ ಹುಡುಗಿಗೆ ಸ್ವಂತ ಮನೆ ಇಲ್ಲದಿದ್ದರೆ ಅವಳ ಮಕ್ಕಳು ಯಾವ ಮನೆಯವರಾಗುತ್ತಾರೆ? ಉಣ್ಣಿ ನನ್ನ ಮಗನೇ. ಆದರೂ ಹೇಳುತ್ತೇನೆ, ಅವನ ಜೊತೆ ಸರಿಹೋಗದಿದ್ದರೆ ಅವಳು ಎಲ್ಲಿಗೆ ಹೋಗಬೇಕು? ನನ್ನ ಅಜ್ಜಿ, ಗಂಡ ಸರಿಬರದಿದ್ದಾಗ ಅವನ ಚಾಪೆ ಸುತ್ತಿ ಬಾಗಿಲ ಹೊರಗೆ ಇಟ್ಟಳಂತೆ. ಬಾಗಿಲು ಅವಳದು, ಅದಕ್ಕೇ ಅವನನ್ನು ಬಿಡಲು ಆಯಿತು."

ಹೊರಗೆ ಸೋಫಾದ ತುದಿಯಲ್ಲಿ ನಂಬೂದಿರಿ ಕೆಮ್ಮಿದರು.

ನನಗೆ ನಗು ಬಂತು. ಇದನ್ನು ತಮ್ಮನಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಸಾಲು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವರು ಕೇಳಿದರು. "ತಮ್ಮ ಗೃಹ ಎಲ್ಲಿ?"

ಜೇವರ್ಗಿಯಲ್ಲಿ ಎಂದೆ. ತಮ್ಮದೇ ಹೆಸರಿನಲ್ಲಿದೆಯೇ ಎಂದರು. ಇಲ್ಲ, ನನ್ನ ಸಂಬಳದಲ್ಲಿ ಕಟ್ಟಿದ್ದು, ಗಂಡನ ಹೆಸರಿನಲ್ಲಿತ್ತು, ಈಗ ಮಗನ ಹೆಸರಿಗಾಗಿದೆ ಎಂದೆ. ಹಾಗಾದರೆ ತಾಯಿಯ ಮನೆ? ತವರಿದೆ, ಹೋದರೆ ತಮ್ಮ, ತಮ್ಮನ ಹೆಂಡತಿ ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಉಡಿ ತುಂಬಿ ಕಳಿಸುತ್ತಾರೆ ಎಂದೆ. ಹೇಳುವಾಗ ನನ್ನ ದನಿ ಯಾಕೋ ಸಣ್ಣದಾಯಿತು.

ಅವರು ವ್ಯಂಗ್ಯ ಮಾಡಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. "ಮತ್ತೆ ತಾವು ಎಲ್ಲಿ ನೆಂಟರಲ್ಲ?"

ಮೂವತ್ತು ವರ್ಷ ಪ್ರಶ್ನೆ ಕೇಳಿದವಳು ನಾನು. ಉತ್ತರ ಬಾರದ ಹುಡುಗಿಯರು ಹೇಗೆ ನಿಲ್ಲುತ್ತಾರೆಂದು ನೋಡಿದ್ದೇನೆ. ನಾನು ಹಾಗೇ ಕುಳಿತೆ. ಅಳು ಬಂತು, ಹಿಂಡಿಯ ಖಾರದ ನೆಪ ಮಾಡಿದೆ. ಅವರು ಗುಲಾಬಿ ನೀರು ಕೊಟ್ಟರು. ಕುಡಿದೆ. ರುಚಿ ಏನೂ ಇರಲಿಲ್ಲ.

ನಾವು ಇಳಿದುಕೊಂಡಲ್ಲಿಗೆ ಮರಳಿ ತಮ್ಮನಿಗೆ ಅರ್ಧ ಮಾತ್ರ ಹೇಳಿದೆ. ಅವರ ರಿವಾಜಿನಲ್ಲಿ ಹುಡುಗನ ಮನೆಯದು ಹುಡುಗನ ಮಕ್ಕಳಿಗೆ ಬರುವುದಿಲ್ಲ, ಮಕ್ಕಳನ್ನು ತಾಯಿಯ ಮನೆಯವರೆಂದೇ ಎಣಿಸುತ್ತಾರೆ ಎಂದೆ. ತಮ್ಮ ಎದ್ದು ಕುಳಿತ.

"ಅಂದ್ರ ಭಾಗ್ಯಾನ ಮಕ್ಳು ಕಿಣ್ಣಿ ಸುಲ್ತಾನ ಮನಿ ಮಕ್ಳೇನ?"

"ಅವರ ಪ್ರಕಾರ ಹೌದು."

"ನಮ್ಮ ಮನಿ ಹೆಸರ ಹೇಳ್ತಾರೇನ?"

"ಹೇಳ್ತಾರ."

ಮಗನಿಲ್ಲ, ಮನೆತನ ನನ್ನೊಂದಿಗೇ ಮುಗಿಯಿತು ಎಂದು ಇಪ್ಪತ್ತೇಳು ವರ್ಷ ಕೊರಗಿದವನು ಅವನು. ಊರಿನವರ ಕನಿಕರ ಕೇಳಿ ಕೇಳಿ ಸಾಕಾಗಿದ್ದವನು. ಎದ್ದು, ದಾಡಿ ಮಾಡಿಕೊಂಡು, ಹಣೆಗೆ ವಿಭೂತಿ ಹಚ್ಚಿ, ಹೊಸ ಧೋತರ ಉಟ್ಟು ಹೊರಟ. ರುವಿಯಲ್ಲಿ ವರ್ಮಾ ಸಾಹೇಬರ ಮುಂದೆ ನಿಂತು ಹೇಳಿದ. "ಸಾಹೇಬ್ರ, ಮನಿ, ಹೊಲ, ಬಾವಿ ಎಲ್ಲಾ ನನ್ನ ಮಗಳ ಹೆಸರಿಗಿ ಬರೀತೇನಿ. ಮಗಳಂದ ಮ್ಯಾಲ ಮನಿ ಇರಬೇಕ, ನೀವು ಹೇಳಿದ್ದು ಖರೆ ಅದ." ವರ್ಮಾ ಸಾಹೇಬರು ಭಾಗ್ಯಾಳ ತಲೆಯ ಮೇಲೆ ಕೈ ಇಟ್ಟರು. ಅವರ ಮದುವೆಯಲ್ಲಿ ಹುಡುಗ ಹುಡುಗಿಗೆ ಒಂದು ಬಟ್ಟೆ ಕೊಟ್ಟರೆ ಮುಗಿಯಿತಂತೆ. ನಮ್ಮಲ್ಲಿ ಹಾಗೆ ಮುಗಿಸಿದರೆ ಊರಿನವರು ಊಟ ಎಲ್ಲಿ ಎಂದು ಕೇಳುತ್ತಾರೆ ಎಂದು ತಮ್ಮ ಹೇಳಿದ. ತೊಗರಿ ರಾಶಿ ಮುಗಿದ ಮೇಲೆ ಕಿಣ್ಣಿ ಸುಲ್ತಾನದಲ್ಲೇ ಎಂದು ಮಾತಾಯಿತು. ಉಣ್ಣಿ ನಾಚಿ ಭಾಗ್ಯಾಳ ಕಡೆ ನೋಡಲಿಲ್ಲ, ಅಷ್ಟು ಸಂತೋಷ ಅವನಿಗೆ.

ವಾಪಸು ವಿಮಾನ

ಮೇಲೆ ಏರಿದ ಮೇಲೆ ತಮ್ಮ ಮತ್ತೆ ಆ ಕಾಗದ ತೆಗೆದ. "ಬುಧವಾರ ಹನ್ನೊಂದಕ್ಕ ಬರಾಕ ಹೇಳ್ಯಾರ. ಇನ್ನೊಂದ ಸಲ ನೋಡಿಬಿಡ ಯಕ್ಕಾ."

ನೋಡಿದೆ. ಕೆಂಪು ಪೆನ್ನು ತೆಗೆದೆ. ಮೊದಲ ಸಲ ಉಳಿಸಿದ್ದ ಇನ್ನೊಂದು 'ಸಂತೋಷದಿಂದ'ವನ್ನೂ ಹೊಡೆದುಹಾಕಿದೆ.

"ಯಾಕ?"

"ಅದು ಸುಳ್ಳ ಅದ."

ಅವನು ನನ್ನ ಮುಖ ನೋಡಿದ. ನಾನು ಪೆನ್ನಿನ ಮುಚ್ಚಳ ಹಾಕಿದೆ. ಇವನನ್ನು ಎತ್ತಿ ಆಡಿಸಿದವಳು ನಾನು. ಇವನ ಮನೆಯ ಬಾಗಿಲು ಮುಚ್ಚಿದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ, ಅದೂ ಗೊತ್ತಿತ್ತು.

"ಶರಣೂ, ಮಗಳಂದ ಮ್ಯಾಲ ಮನಿ ಇರಬೇಕ ಅಂತ ಮೊನ್ನೆ ಎಲ್ಲಾರ ಮುಂದ ಹೇಳಿದಿ. ನಾನೂ ಒಬ್ಬರ ಮಗಳು ಇದ್ದೇನಿ. ಅದೂ ನಿಮ್ಮಪ್ಪನ ಮಗಳೇ."

ಗಗನಸಖಿ ಊಟ ತಂದಳು. ಇಬ್ಬರೂ ಮುಟ್ಟಲಿಲ್ಲ. ತಮ್ಮ ಕಿಟಕಿ ನೋಡುತ್ತಾ ಕೇಳಿದ. "ನಾ ಏನರ ಕಡಿಮಿ ಮಾಡೇನೇನ ನಿನಗ?"

"ಇಲ್ಲ. ನೆಂಟರಿಗಿ ಮಾಡೂದೆಲ್ಲಾ ಮಾಡಿದಿ."

"ನಾಳೆ ನಿನ್ನ ಮಗ ಬಂದು ಹೊಲ ಮಾರಿಬಿಟ್ರ?"

ಅದೇ ಅವನ ಭಯ, ಸುಳ್ಳಲ್ಲದ ಭಯ. ನಾನು ಅದಕ್ಕೂ ಯೋಚಿಸಿದ್ದೆ. "ಅವನಿಗಿ ಅವರಪ್ಪನ ಮನಿ ಅದ. ಹೊಲ ನೀನೇ ಮಾಡ. ಕಾಗದದಾಗ ನನ್ನ ಹೆಸರ ನಿನ್ನ ಹೆಸರಿನ ಬಾಜೂಕ ಇರಲಿ. ನಾ ಸತ್ತ ಮ್ಯಾಲ ನನ್ನ ಪಾಲು ಭಾಗ್ಯಾಗ ಅಂತ ಬರದಿಡ್ತೇನಿ. ನಾ ಇರೂತನ ನಂದು."

ತಮ್ಮ ಕಾಗದ ಮಡಚಿ ಜೇಬಿಗೆ ಹಾಕಿದ. ಹೈದರಾಬಾದಿನಲ್ಲಿ ಇಳಿದು ಗಾಡಿ ಹಿಡಿದೆವು. ಕಲಬುರಗಿಯೂ ದಾಟಿತು. ಆಳಂದ ರಸ್ತೆಗೆ ಗಾಡಿ ತಿರುಗಿದ ಮೇಲೆ, ಎದುರಿಗೆ ಹಾರ್ನ್ ಹೊಡೆಯುತ್ತ ಲಾರಿಯೊಂದು ಮೈಮೇಲೆ ಬಂದಾಗ, "ಮಸ್ಕತ್ತಿನಾಗ ಆಗಿದ್ರ ನಿಂದರ್ತಿತ್ತು" ಎಂದ. ನಾನು ಹೌದು ಎಂದೆ. ಆಮೇಲೆ ಅವನೇ ಹೇಳಿದ. "ಬುಧವಾರ ಹೋಗೂಣು. ಬ್ಯಾರೆ ಕಾಗದ ಬರಸೂಣು. ಎರಡ ಹೆಸರಿಂದು."

ಕಿಣ್ಣಿ ಸುಲ್ತಾನ

ಕಸ್ತೂರಿ ಬಾಗಿಲಿಗೆ ಬಂದು, ಯಾವಾಗಲೂ ಮಾಡುವಂತೆ ನನ್ನ ಕಾಲಿಗೆ ನೀರಿನ ತಂಬಿಗೆ ಹಿಡಿದಳು. ಪಡಸಾಲೆಯಲ್ಲಿ ನನಗೆಂದು ಗಾದಿ ಹಾಸಿಟ್ಟಿದ್ದಳು. ನಾನು ತಂಬಿಗೆ ಕೈಯಿಂದ ತೆಗೆದುಕೊಂಡು ನನ್ನ ಕಾಲು ನಾನೇ ತೊಳೆದುಕೊಂಡೆ. ಗಾದಿ ದಾಟಿ ಒಳಗೆ ಹೋಗಿ ಒಲೆ ಹಚ್ಚಿ ಮೂವರಿಗೂ ಚಹಾ ಇಟ್ಟೆ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಹುಡುಕಬೇಕಾಯಿತು. ನಾನು ಹುಟ್ಟಿದ ಮನೆಯಲ್ಲಿ ನನಗೆ ಸಕ್ಕರೆ ಎಲ್ಲಿಡುತ್ತಾರೆಂದು ಗೊತ್ತಿರಲಿಲ್ಲ.

ತಮ್ಮ ಹೆಂಡತಿಗೆ ಎಲ್ಲವನ್ನೂ ಹೇಳಿದ. ರಾಣಿಯ ತಮ್ಮ ದೊರೆಯಾದದ್ದು, ಗಂಡ ಸೋಫಾದ ತುದಿಯಲ್ಲಿ ಕೂಡುವುದು, ಗಾಡಿಯಲ್ಲಿ ಕೊನೆಗೆ ನಾನು ಹೇಳಿದ ಚಾಪೆ ಹೊರಗಿಟ್ಟ ಅಜ್ಜಿಯ ಕತೆ, ವಿಮಾನದಲ್ಲಿ ನಾನು ಕೇಳಿದ್ದು, ಬುಧವಾರದ ಎರಡು ಹೆಸರಿನ ಕಾಗದ. ಕಸ್ತೂರಿ ಎಲ್ಲಿ ಮುನಿಸಿಕೊಳ್ಳುತ್ತಾಳೋ ಎಂದು ನಾನು ಚಹಾ ಸೋಸುತ್ತಾ ಕಿವಿಗೊಟ್ಟಿದ್ದೆ. ಅವಳು ಕೊನೆಯವರೆಗೆ ಕೇಳಿದಳು. ನಾನು ಕೊಟ್ಟ ಚಹಾ ಪೂರ್ತಿ ಕುಡಿದಳು. ಬಸಿಯನ್ನು ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಗಂಡನನ್ನು ಬಿಟ್ಟು ನನ್ನನ್ನು ನೋಡಿದಳು.

"ಅಕ್ಕಾರ, ನಿಮ್ಮ ಕೆಂಪ ಪೆನ್ನ ಒಂದೀಟ ಇಲ್ಲೇ ಬಿಟ್ಟ ಹೋಗ್ರಿ. ಐತವಾರ ಹವಳಗಾದಿಂದ ನಮ್ಮಣ್ಣನೂ ಅಂಥದ ಕಾಗದ ತಗೊಂಡು ಬರಾಕತ್ತಾನ."